ಸ್ಕಾಟ್ ಸ್ಪಾರ್ಕ್ 900: ಬೆಳಗಾವಿ ಮಳಿ, ಬ್ಯಾಸಿಗಿ ಎರಡೂ ಕಂಡ ಮ್ಯಾಲೆ ಬರದ ರಿವ್ಯೂ

ಮೊದಲ ನೇರ ಮಾತು ಹೇಳಿಬಿಡ್ತೀನಿ. ನೀವು ಬೆಳಗಾವಿಯಾಗ ಇದ್ದು, ಮನಿ ಬಾಗಲದಿಂದನ ಸೈಕಲ್ ಏರಿ, ಡಾಂಬರ ರೋಡಿನ್ಯಾಗ ಹದಿನೈದು ಕಿಲೋಮೀಟರ್ ತುಳದು, ಗುಡ್ಡ ಹತ್ತಿ, ಹಿಂದಿನ ಕಡಿಂದ ಕಲ್ಲಿನ ಹಾದಿಯಾಗ ಇಳದು, ಮತ್ತ ಅದ ಸೈಕಲ್ ಮ್ಯಾಲೆ ಮನಿಗೆ ಬರಾವ್ರಿದ್ರ ಸ್ಕಾಟ್ ಕಂಪನಿಯ ಸ್ಪಾರ್ಕ್ ಅನ್ನೂ ಈ ಗುಡ್ಡದ ಸೈಕಲ್ ನಿಮಗ ಹೇಳಿ ಮಾಡಿಸಿದ ಗಾಡಿ. ಕಾರಿನ್ಯಾಗ ಹೇರ್ಕೊಂಡು ಹೋಗಿ ಬರೇ ಇಳಿಯೂ ಮಂದಿಗೆ ಇದಕ್ಕಿಂತ ಗಟ್ಟಿ, ದಪ್ಪ ಗಾಡಿ ಅದಾವ. ಬರೇ ರೇಸ್ ಹೊಡಿಯೂ ಹುಡುಗರಿಗೆ ಇದಕ್ಕಿಂತ ಹಗರ ಗಾಡಿ ಅದಾವ. ಆದ್ರ ನಮ್ಮೂರಾಗ ಗುಡ್ಡದ ಸೈಕಲ್ ಹೊಡಿಯೂದಂದ್ರ ಎರಡೂ ಒಂದ ಮುಂಜಾನಿ ಆಗಬೇಕು, ಒಂಬತ್ತಕ್ಕ ಬಿಸಲ ಏರೂದ್ರಾಗ ಮನಿ ಮುಟ್ಟಬೇಕು, ಅದಕ್ಕ ಎರಡೂ ಕೆಲಸ ಮಾಡೂ ಒಂದ ಗಾಡಿ ಹುಡಕಾಕತ್ತಿದ್ದೆ.

ನಂದು ಸೆಕೆಂಡ್ ಹ್ಯಾಂಡ್, ಪುಣೆದಾಗ ಒಬ್ರ ಕಡಿಂದ ತಗೊಂಡಿದ್ದು, ಕಾರ್ಬನ್ ಫ್ರೇಮ್, 29 ಇಂಚಿನ ಗಾಲಿ, ಮುಂದ ಫಾಕ್ಸ್ ಕಂಪನಿಯ 34 ಫೋರ್ಕ್ (ಮುಂದಿನ ಗಾಲಿ ಹಿಡಿಯೂ, ಶಾಕ್ ಇರೂ ಕಾಲು), ಅದರ ಟ್ರಾವಲ್, ಅಂದ್ರ ಗಾಲಿ ಮ್ಯಾಲೆ ಕೆಳಗ ಆಡೂ ಅಂತರ, 130 ಎಂಎಂ, ಹಿಂದ 120 ಎಂಎಂ, 12 ಗಿಯರ್, ಲಿವರ್ ಒತ್ತಿ ಸೀಟ್ ಕೆಳಗ ಇಳಿಸೂ ಡ್ರಾಪರ್ ಸೀಟ್ ಪೋಸ್ಟ್. ಪೆಡಲ್ ಹಾಕಿ, ಟಾಯರಿನ್ಯಾಗ ಸೀಲಂಟ್ (ಪಂಕ್ಚರ್ ತೂತ ಮುಚ್ಚೂ ದ್ರವ) ತುಂಬಿ, ಬ್ಯಾಗ್ ತೂಗೂ ತಕ್ಕಡಿಗೆ ನೇತಾಡಿಸಿದ್ರ 13 ಕೆಜಿ ಆಸುಪಾಸು ತೋರಸ್ತು. ಇಷ್ಟ ಏನ್ ಹಗರ ಅಂತ ರೋಡ್ ಬೈಕ್ ಹೊಡಿಯಾವ್ರು ಕೇಳ್ತಾರ, ಆದ್ರ ಮುಂದೂ ಹಿಂದೂ ಶಾಕ್ ಇರೂ ಗಾಡಿಗೆ ಇದು ಹಗರನ, ದೊಡ್ಡ ಇಳಕಲಕ್ಕಂತ ಮಾಡಿದ ಎಂಡ್ಯುರೊ ಗಾಡಿ ಎತ್ತಿ ನೋಡಿದವ್ರಿಗೆ ಎರಡ್ಮೂರ ಕೆಜಿ ಫರಕ್ ಕೈಗೇ ತಿಳೀತೈತಿ. ರೊಕ್ಕದ ವಿಷಯ: ಹೊಸಾದು ಲಕ್ಷಗಟ್ಟಲೆ, ಅದರಾಗ ಸುಳ್ಳ ಹೇಳೂದೇನಿಲ್ಲ. ಅಲ್ಯೂಮಿನಿಯಂ ಫ್ರೇಮಿನ ಸ್ಪಾರ್ಕೂ ಬರ್ತೈತಿ, ಇನ್ನೊಂದ ಸ್ವಲ್ಪ ಭಾರ, ಭಾಳ ಅಗ್ಗ ಅಲ್ಲದಿದ್ರೂ ಕಾರ್ಬನ್‌ಕಿಂತ ಕಡಿಮಿ. ಶಾಕ್ ಒಳಗ ಇರೂ ವಿನ್ಯಾಸ, ಹ್ಯಾಂಡಲಿನ ಲಿವರ್ ಎಲ್ಲಾ ಅದರಾಗೂ ಅದ.

ಕ್ರಾಸ್ ಕಂಟ್ರಿ ಗಾಡಿ, ಅಂದ್ರ ಗುಡ್ಡ ಹತ್ತಿ ಇಳಿಯೂ ರೇಸಿನ ಗಾಡಿ, ಇಳಕಲಕ್ಕ ಯಾಕ್ ತಯಾರ ಆಗಬೇಕಾತು ಅನ್ನೂದು ಸ್ವಲ್ಪ ಗೊತ್ತಿದ್ರ ಈ ಸೈಕಲ್ ಅರ್ಥ ಆಗ್ತೈತಿ. ಮೌಂಟನ್ ಬೈಕ್ ಒಲಿಂಪಿಕ್ಸಿಗೆ ಬಂದಿದ್ದು 1996ರ ಅಟ್ಲಾಂಟಾದಾಗ. ಆಗ ಕ್ರಾಸ್ ಕಂಟ್ರಿ ಅಂದ್ರ ಉಸರ ಹಿಡದು ಹತ್ತೂದು, ಇಳಕಲ ಹೆಂಗರ ಮಾಡಿ ದಾಟೂದು. ಬರ್ತಾ ಬರ್ತಾ ಕೋರ್ಸ್ ಬಿರಸ ಆದ್ವು, ಬಂಡಿಗಲ್ಲು, ಡ್ರಾಪ್ (ಒಮ್ಮೆಲೆ ಕೆಳಗ ಹಾರೂ ಎತ್ತರದ ಮೆಟ್ಲ), ಜಂಪ್ ಎಲ್ಲಾ ಸೇರಿದ್ವು. 2021ರಾಗ ನಡದ ಟೋಕಿಯೊ ಒಲಿಂಪಿಕ್ಸಿನ ಇಜು ಕೋರ್ಸ್ ನೋಡಿದವ್ರಿಗೆ ನೆನಪಿರ್ತೈತಿ, ಮಥಿಯು ವಾನ್ ಡರ್ ಪೂಲ್ ಅಂಥಾ ದೊಡ್ಡ ರೈಡರ್ ಡ್ರಾಪ್ ಒಂದರ ಕಡೆ ಹ್ಯಾಂಡಲ್ ದಾಟಿ ಮುಂದ ಬಿದ್ದ, ಬಂಗಾರ ಟಾಮ್ ಪಿಡ್ಕಾಕ್‌ಗೆ ಹೋತು. ಅಂಥಾ ಕೋರ್ಸಿಗೆ ಹಳೇ ನಮೂನಿ ಗಾಡಿ ಸಾಲಂಗಿಲ್ಲ. ಸ್ಕಾಟ್‌ದವ್ರು ಇದನ್ನ ಮೊದಲ ತಿಳಕೊಂಡವ್ರಾಗ ಒಬ್ರು, 2016ರ ರಿಯೊದಾಗ ಸ್ವಿಟ್ಜರ್ಲೆಂಡಿನ ರೈಡರ್ ನಿನೊ ಶುರ್ಟರ್ ಒಲಿಂಪಿಕ್ ಬಂಗಾರ ಗೆದ್ದಿದ್ದು ಎರಡೂ ಕಡೆ ಶಾಕ್ ಇದ್ದ ಸ್ಪಾರ್ಕ್ ಮ್ಯಾಲೆ. 2021ರಾಗ ಬಂದ ಈ ಹೊಸ ಸ್ಪಾರ್ಕ್ ಪೂರಾ ಬದಲಾಗಿ ಬಂತು, ಹಿಂದಿನ ಶಾಕ್ ಫ್ರೇಮಿನ ಒಳಗ ಹೋತು, ಹೆಡ್ ಆಂಗಲ್, ಅಂದ್ರ ಮುಂದಿನ ಫೋರ್ಕ್ ನೆಲಕ್ಕ ವಾಲಿದ ಕೋನ, ಮತ್ತಷ್ಟು ಮಲಗ್ತು.

ಈಗ ಹತ್ತೂ ವಿಷಯಕ್ಕ ಬರ್ತೀನಿ. ಯಳ್ಳೂರ ರಾಜಹಂಸಗಡ, ಗುಡ್ಡದ ಮ್ಯಾಲಿನ ಹಳೇ ಕೋಟೆ, ಬೆಳಗಾವಿಯವ್ರಿಗೆ ಹೇಳೂದೇನಿಲ್ಲ, ಕೋಟಿ ಬಾಗಲದ ತನಕ ರೋಡ್ ಐತಿ, ಕಡೀ ಭಾಗ ಕಡಕ್ ಏರು. ಸ್ಪಾರ್ಕಿನ ಹ್ಯಾಂಡಲಿನ ಎಡಕ್ಕ ಟ್ವಿನ್‌ಲಾಕ್ ಅಂತ ಒಂದು ಲಿವರ್ ಐತಿ, ಅದರಾಗ ಮೂರು ಮೋಡ್. ಪೂರಾ ಬಿಟ್ಟಿದ್ರ 120 ಎಂಎಂ. ಒಂದು ಸಲ ಒತ್ತಿದ್ರ ಟ್ರಾಕ್ಷನ್ ಕಂಟ್ರೋಲ್, ಹಿಂದಿನ ಟ್ರಾವಲ್ 80 ಎಂಎಂಕ್ಕ ಇಳೀತೈತಿ, ಗಾಡಿ ಹಿಂದಿನ ಕಡೆ ಕಮ್ಮಿ ಕುಂದರ್ತೈತಿ, ಅದರಿಂದ ನೀವು ತಾನಾಗೇ ಮುಂದಕ್ಕ ಬಾಗ್ತೀರಿ. ಇನ್ನೊಂದ ಸಲ ಒತ್ತಿದ್ರ ಮುಂದೂ ಹಿಂದೂ ಎರಡೂ ಲಾಕ್. ತಿಳಕವಾಡಿಯಿಂದ ಯಳ್ಳೂರ ತನಕ ಡಾಂಬರ ರೋಡಿಗೆ ಲಾಕ್, ಗಡದ ಏರಿಗೂ ಲಾಕ್, ಆಮ್ಯಾಲೆ ಕೋಟಿ ಸುತ್ತಮುತ್ತ ಮಣ್ಣಿನ ಹಾದಿ ಹಿಡದಾಗ ನಡುವಿನ ಮೋಡ್. ಬ್ಯಾರೆ ಎಷ್ಟೋ ಗಾಡಿಗೆ ಶಾಕ್ ಲಾಕ್ ಮಾಡಾಕ ಕೆಳಗ ಬಗ್ಗಿ ಕೈ ಹಾಕಬೇಕು, ಓಡೂ ಗಾಡಿಮ್ಯಾಲೆ ಯಾರೂ ಮಾಡಂಗಿಲ್ಲ, ಇದರಾಗ ಹೆಬ್ಬಟ್ಟಿನಾಗ ಆಗ್ತೈತಿ, ಹಿಂಗಾಗಿ ದಿನಾ ಉಪಯೋಗ ಆಗ್ತೈತಿ.

ಆ ನಡುವಿನ ಮೋಡ್ ಬಗ್ಗೆ ಇನ್ನೊಂದ್ ಮಾತು. ಜಂಬೋಟಿ ರೋಡ್ ಕಡೆ, ರಕ್ಕಸಕೊಪ್ಪ ಡ್ಯಾಮಿನ ಕಡೆ ಹೋದ್ರ ಕೆಂಪ ಮಣ್ಣಿನ ಏರು ಸಿಗ್ತಾವ, ಮ್ಯಾಲೆ ಸಣ್ಣ ಹರಳ, ಅದರ ಕೆಳಗ ಗಟ್ಟಿ ಜಂಬಿಟ್ಟಿಗೆ ಕಲ್ಲ. ಪೂರಾ ಲಾಕ್ ಮಾಡಿ ತುಳದ್ರ ಹಿಂದಿನ ಗಾಲಿ ಹರಳಿನ ಮ್ಯಾಲೆ ಕುಣದು ಜಾರ್ತೈತಿ, ಪೂರಾ ಬಿಟ್ಟು ತುಳದ್ರ ನಿಮ್ಮ ಶಕ್ತಿ ಶಾಕಿನ್ಯಾಗ ಹೋಗ್ತೈತಿ. 80 ಎಂಎಂದಾಗ ಗಾಲಿ ನೆಲಕ್ಕ ಅಂಟ್ಕೊಂಡ ಇರ್ತೈತಿ, ತುಳತಾನೂ ಪೋಲಾಗಂಗಿಲ್ಲ. ಮುಂದ 32 ಹಲ್ಲು, ಹಿಂದಿನ ಎಲ್ಲಾಕಿಂತ ದೊಡ್ಡ ಗಿಯರಿಗೆ 51 ಹಲ್ಲು, ಅಂದ್ರ ಪೆಡಲ್ ಒಂದು ಸುತ್ತ ತುಳದ್ರ ಗಾಡಿ ಮುಂದ ಹೋಗೂದು ಸುಮಾರ 1.4 ಮೀಟರ್ ಅಷ್ಟ, ಭಾಳ ನಿಧಾನ ಖರೆ ಆದ್ರ ಕಾಲ ಕೆಳಗ ಇಡಬೇಕಾಗಂಗಿಲ್ಲ. ಸೀಟಿನ ಟ್ಯೂಬ್ ನೆಟ್ಟಗ ಇರೂದ್ರಿಂದ ಮೈ ಪೆಡಲಿನ ನೇರಕ್ಕ ಕುಂದರ್ತೈತಿ, ಮುಂದಿನ ಗಾಲಿ ಮ್ಯಾಲೆ ಏಳಂಗಿಲ್ಲ.

ಇಳಕಲ. ಇದಕ್ಕಂತನ ಈ ಗಾಡಿ ತಗೊಂಡಿದ್ದು, ಹಿಂಗಾಗಿ ಇಲ್ಲೆ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಂದಿ ಗಾಡಿ ಕೇಳೂವಾಗ ಮೊದಲ ಕೇಳೂದು ಟ್ರಾವಲ್ ಎಷ್ಟು ಅಂತ, 120 ಅಂದಕೂಡ್ಲೆ ಅಷ್ಟ ಏನು ಅಂತಾರ. ನನಗ ಹೊಡದು ಹೊಡದು ಗಟ್ಟಿ ಆಗಿದ್ದು ಏನಂದ್ರ ಇಳಕಲದಾಗ ಧೈರ್ಯ ಕೊಡೂದು ಟ್ರಾವಲ್ ಅಲ್ಲ, ಮುಂದಿನ ಗಾಲಿ ನಿಮ್ಮಿಂದ ಎಷ್ಟ ದೂರ ಐತಿ ಅನ್ನೂದು. ಸ್ಪಾರ್ಕ್ 900ದ ಹೆಡ್ ಆಂಗಲ್ 65.8 ಡಿಗ್ರಿ. ಹಳೇ ಕ್ರಾಸ್ ಕಂಟ್ರಿ ಗಾಡಿ 70, 71 ಡಿಗ್ರಿ ಇರ್ತಿದ್ವು. ಆಂಗಲ್ ಕಮ್ಮಿ ಆದಷ್ಟು ಫೋರ್ಕ್ ಮುಂದಕ್ಕ ಚಾಚ್ತೈತಿ, ಮುಂದಿನ ಗಾಲಿ ಕಲ್ಲಿಗೆ ಬಡದಾಗ ನಿಮ್ಮ ಮೈಯ ಭಾರ ಆ ಗಾಲಿಯ ಇರಸಿನ ಹಿಂದ ಉಳೀತೈತಿ, ಹಿಂಗಾಗಿ ಗಾಡಿ ಎತ್ತಿ ಒಗ್ಯಾಂಗಿಲ್ಲ. ಇದರ ಜೋಡಿ ಡ್ರಾಪರ್ ಒತ್ತಿ ಸೀಟ್ ಕೆಳಗ ಇಳಿಸಿದ್ರ ಮೈ ಇನ್ನೂ ತಗ್ಗಿಗೆ ಹೋಗ್ತೈತಿ. ಗಡದ ಹಿಂದಿನ ಕಡಿಂದ ನಂದಿಹಳ್ಳಿ ಕಡೆ ಇಳಿಯೂವಾಗ ಹೊಲ ಹತ್ತೂ ಮೊದ್ಲ ಮೆಟ್ಲ ಮೆಟ್ಲ ಇದ್ದಂಗ ಕೆಂಪ ಬಂಡಿಗಲ್ಲ ಸಿಗ್ತಾವ. ಹಾರ್ಡ್‌ಟೇಲ್ (ಹಿಂದ ಶಾಕ್ ಇಲ್ಲದ ಗಾಡಿ) ಮ್ಯಾಲೆ ಅಲ್ಲೆ ನಾ ಇಳದು ಗಾಡಿ ಹೊತ್ಕೊಂಡು ನಡೀತಿದ್ದೆ, ಈಗ ಬ್ರೇಕ್ ಬಿಟ್ಟು ಹೋಗ್ತೀನಿ. ನನ್ನ ಕೈಚಳಕ ಅಷ್ಟ ಬದಲಾಗಿಲ್ಲ, ಗಾಡಿ ಕೊಡೂ ಭರೋಸಾ ಬದಲಾಗೈತಿ.

ಜಂಬಿಟ್ಟಿಗೆ ಕಲ್ಲಿನ ಸ್ವಭಾವ ಗೊತ್ತಿಲ್ಲದವ್ರಿಗೆ ಹೇಳ್ತೀನಿ: ಕಲ್ಲ ತೂತ ತೂತ, ಒಣಗಿದಾಗ ಟಾಯರಿಗೆ ಅಂಟ್ಕೋತೈತಿ, ಭಾಳ ಚೊಲೊ ಹಿಡತ. ಆದ್ರ ಅದರಿಂದ ಉದರಿದ ದುಂಡ ಹರಳ ಹಾದಿ ಮ್ಯಾಲೆ ಬಿದ್ದಿರ್ತಾವ ನೋಡ್ರಿ, ಅದರ ಮ್ಯಾಲೆ ತಿರಗೂದಂದ್ರ ಗೋಲಿಗುಂಡಿನ ಮ್ಯಾಲೆ ನಡದಂಗ. ಅಲ್ಲೆ ಮುಂದಿನ ಗಾಲಿ ಜಾರಿದ್ರ ಹಳೇ ನೆಟ್ಟನ ಆಂಗಲಿನ ಗಾಡಿ ನೇರ ನೆಲಕ್ಕ ಹಾಕ್ತೈತಿ, ಸ್ಪಾರ್ಕ್ ಸ್ವಲ್ಪ ಜಾರಿ ಮತ್ತ ಹಿಡೀತೈತಿ, ಆ ಅರ್ಧ ಸೆಕೆಂಡ್ ಟೈಮ್ ನಿಮಗ ಸಿಗ್ತೈತಿ. ಫೋರ್ಕಿನ ಕಾಲ 34 ಎಂಎಂ ದಪ್ಪ ಇರೂದೂ ಇಲ್ಲೆ ಕೆಲಸಕ್ಕ ಬರ್ತೈತಿ, ಹಗರ ರೇಸ್ ಗಾಡಿಗೆ 32 ಎಂಎಂ ಫೋರ್ಕ್ ಬರ್ತಿತ್ತು, ಅದು ಬಂಡಿಗಲ್ಲಿನ ನಡುವ ಸಿಕ್ಕಾಗ ಹೊಳ್ಯಾಡ್ತಿತ್ತು, ನೀವು ಹಿಡದ ಗೆರಿ ಬಿಟ್ಟು ಬ್ಯಾರೆ ಕಡೆ ಒಯ್ತಿತ್ತು. ಮುಂದಿನ ಡಿಸ್ಕ್ 180 ಎಂಎಂ, ಉದ್ದ ಇಳಕಲದಾಗೂ ಎರಡು ಬಟ್ಟಿನಾಗ ಬ್ರೇಕ್ ಸಾಕಾಗ್ತೈತಿ, ಕೈ ನೋಯಂಗಿಲ್ಲ.

ಇಷ್ಟ ಮಲಗಿದ ಆಂಗಲಿಗೆ ಒಂದು ಬೆಲೆ ಐತಿ, ಅದನ್ನೂ ಹೇಳಬೇಕು. ಭಾಳ ನಿಧಾನ ಹತ್ತೂವಾಗ ಮುಂದಿನ ಗಾಲಿ ಅತ್ತ ಇತ್ತ ವಾಲ್ತೈತಿ, ಕಿರದ ತಿರುವಿನ್ಯಾಗ ಗಾಡಿ ಉದ್ದ ಅನಸ್ತೈತಿ, ಹ್ಯಾಂಡಲ್ ತಿರಗಿಸಿದ್ರ ಆಗಂಗಿಲ್ಲ, ಗಾಡಿನ ವಾಲಿಸಬೇಕು. ರೂಢಿ ಆಗಾಕ ಸ್ವಲ್ಪ ದಿನ ಹಿಡೀತು. ಅದೂ ಬ್ಯಾಡ ಅನ್ನಾವ್ರಿಗೆ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರಗೂ ಬೇರಿಂಗಿನ ಜಾಗ) ಕಪ್ ತಿರಗಿಸಿ ಆಂಗಲ್ ಸ್ವಲ್ಪ ನೆಟ್ಟಗ ಮಾಡ್ಕೊಳ್ಳೂ ಅನುಕೂಲ ಸ್ಪಾರ್ಕಿನ್ಯಾಗ ಐತಿ. ನಾ ಮಾಡಿಲ್ಲ, ಮಾಡೂದೂ ಇಲ್ಲ, ಇಳಕಲಕ್ಕ ಸಿಕ್ಕಿದ್ದನ್ನ ಯಾಕ್ ಬಿಟ್ಟ ಕೊಡೂದು.

ಟಾಯರ್ ಬಗ್ಗೆ ಮಾತಾಡ್ದ ಇದ್ರ ಈ ರಿವ್ಯೂ ಅರ್ಧ. ಗಾಡಿ ಹಗರ ತೋರಸಾಕ ಕಂಪನಿಗಳು ತೆಳ್ಳನ ಟಾಯರ್ ಹಾಕಿ ಕೊಡ್ತಾವ, ಇದು ಯಾವ ಒಂದು ಕಂಪನಿ ಮಾತಲ್ಲ, ಎಲ್ಲಾರೂ ಮಾಡ್ತಾರ. ನಮ್ಮ ಕಡೆ ಜಾಲಿ ಮುಳ್ಳ ಐತಿ, ಹೊಲದ ಬದುವಿನ್ಯಾಗ ನೆಗ್ಗಿಲ ಮುಳ್ಳ ಐತಿ, ಬೆಳಗಾವಿ ಬಿಟ್ಟು ಮೂಡಲಕ್ಕ ಗೋಕಾಕ, ಬಾಗಲಕೋಟಿ ಕಡೆ ಹೋದಂಗ ಇನ್ನೂ ಜಾಸ್ತಿ. ಟ್ಯೂಬ್ ಹಾಕಿ ಹೋದ್ರ ಪಂಕ್ಚರ್ ತಗಿಯೂದ್ರಾಗ ಮುಂಜಾನಿ ಮುಗೀತೈತಿ. ಟ್ಯೂಬ್‌ಲೆಸ್ ಮಾಡ್ರಿ, ಸೀಲಂಟ್ ಹಾಕ್ರಿ, ಬ್ಯಾಸಿಗಿಯಾಗ ಅದು ಲಗೂನ ಒಣಗ್ತೈತಿ, ಎರಡ್ಮೂರ ತಿಂಗಳಿಗೆ ಒಮ್ಮೆ ವಾಲ್ವ್ ಬಿಚ್ಚಿ ನೋಡಿ ಮತ್ತ ತುಂಬ್ರಿ. ನಾ ಮುಂದ 2.4 ಇಂಚಿನ ಮ್ಯಾಕ್ಸಿಸ್ ಫೋರ್‌ಕಾಸ್ಟರ್, ಹಿಂದ ರೆಕಾನ್ ಹಾಕೀನಿ. ಮುಂದಿನ ಟಾಯರಿನ ಬದಿಗಿರೂ ಎತ್ತರದ ಗಡ್ಡಿ ಆ ದುಂಡ ಹರಳಿನ್ಯಾಗ ಹಿಡತ ಕೊಡ್ತೈತಿ, ಹಿಂದಿನದು ರೋಡಿಗೆ ಹಗರ ಓಡ್ತೈತಿ. ನನ್ನ ತೂಕ 70 ಕೆಜಿ ಆಸುಪಾಸು, ಮುಂದ 21, ಹಿಂದ 24 ಪಿಎಸ್‌ಐ ಹವಾ ಇಡ್ತೀನಿ. ಊರಾಗ ಮಂದಿ ಇನ್ನೂ 40 ಪಿಎಸ್‌ಐ ಗಟ್ಟಿ ಹವಾ ಹೊಡದು ಗುಡ್ಡಕ್ಕ ಬರ್ತಾರ, ಆಮ್ಯಾಲೆ ಗಾಡಿ ಜಾರ್ತೈತಿ ಅಂತಾರ, ಹವಾ ಇಳಸ್ರಿ ಅಂತ ಕೈ ಮುಗದು ಹೇಳ್ತೀನಿ. ಈ ಟಾಯರಿಂದ ಗಾಡಿ ತೂಕ ಸ್ವಲ್ಪ ಏರ್ತು ಖರೆ. ಎಲ್ಲೆ ಬೇಕಾದ್ರೂ ತೂಕ ಉಳಸ್ರಿ, ಮುಂದಿನ ಟಾಯರಿನ್ಯಾಗ ಮಾತ್ರ ಬ್ಯಾಡ.

ಒಳಗ ಅಡಗಿಸಿದ ಶಾಕ್ ಬಗ್ಗೆ ಎಲ್ಲಾರೂ ಕೇಳ್ತಾರ, ಸಿಗ್ನಲ್‌ನ್ಯಾಗ ನಿಂತ್ರ ಬೈಕಿನವ್ರು ಹಿಂದಿನ ಶಾಕ್ ಎಲ್ಲೆ ಐತಿ ಅಂತ ಬಗ್ಗಿ ನೋಡ್ತಾರ. ಈ ವಿದ್ಯಾ ಬೋಲ್ಡ್ ಅನ್ನೂ ಸಣ್ಣ ಸ್ವಿಸ್ ಕಂಪನಿದು, 2019ರಾಗ ಸ್ಕಾಟ್ ಅದರ ಹೆಚ್ಚಿನ ಪಾಲ ಕೊಂಡ ಮ್ಯಾಲೆ ಸ್ಪಾರ್ಕಿಗೆ ಬಂತು. ಬೆಳಗಾವಿ ಮಳಿಗಾಲಕ್ಕ ಇದು ವರ. ಜೂನ್‌ದಿಂದ ಸಪ್ಟಂಬರ್ ತನಕ ಹಿಂದಿನ ಗಾಲಿ ಎಸಿಯೂ ಕೆಂಪ ರಾಡಿ ಬ್ಯಾರೆ ಗಾಡಿಯಾಗ ನೇರ ಶಾಕಿನ ಸೀಲಿಗೆ ಬಡೀತೈತಿ, ಇದರಾಗ ಶಾಕ್ ಒಣಗಿರ್ತೈತಿ. ಫ್ರೇಮಿನ ನಡುವ ಜಾಗ ಖಾಲಿ ಇರೂದ್ರಿಂದ ದೊಡ್ಡ ಬಾಟ್ಲಿ ಸರಾಗ ಹಿಡಿಸ್ತೈತಿ, ಏಪ್ರಿಲ್ ಬಿಸಲಿನ್ಯಾಗ ಅದರ ಕಿಮ್ಮತ್ತು ಗೊತ್ತಾಗ್ತೈತಿ. ತೊಂದ್ರಿ ಏನಂದ್ರ ಶಾಕಿಗೆ ಹವಾ ಹಾಕಾಕ ಕೆಳಗಿನ ಮುಚ್ಚಳ ತಗೀಬೇಕು, ಗಾಡಿ ತಲಿಕೆಳಗ ಮಾಡಬೇಕು. ನಾವು ಏರಿ ಕುಂತಾಗ ಶಾಕ್ ಎಷ್ಟ ಕುಂದರ್ತೈತಿ ಅಂತ ನೋಡಾಕ ಹೊರಗ ಕೀಲಿನ ಹಂತೇಲಿ ಗುರುತ ಕೊಟ್ಟಾರ, ಅದು ಚೊಲೊ ಕೆಲಸ. ಶಾಕ್ ಪಂಪ್ ಬ್ಯಾರೆನ ತಗೋಬೇಕು, ಪೆಟ್ರೋಲ್ ಬಂಕಿನ ಹವಾದ್ದು ಇದಕ್ಕ ನಡ್ಯಾಂಗಿಲ್ಲ. ಒಮ್ಮೆ ಸರಿಯಾಗಿ ಸೆಟ್ ಮಾಡಿದ್ರ ಪದೇ ಪದೇ ಮುಟ್ಟಬೇಕಾಗಂಗಿಲ್ಲ.

ನನಗ ಖರೇನ ಸೇರದ ಇರೂದು ಕೇಬಲ್‌ಗಳ ವ್ಯವಸ್ಥಾ. ಬ್ರೇಕಿನ ಪೈಪು, ಟ್ವಿನ್‌ಲಾಕ್ ಕೇಬಲ್, ಡ್ರಾಪರ್ ಕೇಬಲ್ ಎಲ್ಲಾ ಹೆಡ್‌ಸೆಟ್ಟಿನ ಒಳಗಿಂದ ಫ್ರೇಮಿಗೆ ಹೋಗ್ತಾವ. ನೋಡಾಕ ಭಾಳ ಸ್ವಚ್ಛ. ಆದ್ರ ಮಳಿಗಾಲದಾಗ ಹೊಡಿಯೂ ಗಾಡಿಗೆ ಹೆಡ್‌ಸೆಟ್ ಬೇರಿಂಗ್ ಆಗಾಗ ಬದಲಿಸಬೇಕಾಗ್ತೈತಿ, ಅರ್ಧ ತಾಸಿನ ಕೆಲಸ ಅದು, ಇದರಾಗ ಬ್ರೇಕ್ ಪೈಪ್ ಬಿಚ್ಚಿ, ಮತ್ತ ಜೋಡಿಸಿ, ಎಣ್ಣಿ ತುಂಬಿ, ಗಾಳಿ ತಗದು, ಇಡೀ ದಿನ ಹೋಗ್ತೈತಿ. ಓಣಿ ಮಿಸ್ತ್ರಿ ಕೈಗೆ ಆಗೂ ಕೆಲಸ ಅಲ್ಲ ಇದು, ಹೈಡ್ರಾಲಿಕ್ ಬ್ರೇಕ್ ಕಲತವ್ರ ಬೇಕು. ಹ್ಯಾಂಡಲಿನ ಎಡಕ್ಕೂ ಲಿವರ್ ಜಾಸ್ತಿ, ಡ್ರಾಪರಿಂದು ಒಂದು, ಟ್ವಿನ್‌ಲಾಕಿಂದು ಒತ್ತಾಕ ಬಿಡಾಕ ಬ್ಯಾರೆ ಬ್ಯಾರೆ, ಶುರುವಿನ್ಯಾಗ ಗಡಿಬಿಡಿಯಾಗ ಯಾವುದ್ ಒತ್ತಬೇಕೊ ತಿಳ್ಯಾಂಗಿಲ್ಲ. ಈಗ ಕೈಗೆ ರೂಢಿ ಆಗೈತಿ, ಆದ್ರ ಹೊಸಬ್ರಿಗೆ ಗಾಡಿ ಕೊಟ್ಟಾಗ ಮೊದಲ ನಿಲ್ಲಿಸಿ ತೋರಸೇ ಕೊಡ್ತೀನಿ.

ಸರ್ವಿಸ್ ಬಗ್ಗೆ: ಫಾಕ್ಸ್‌ದವ್ರು 125 ತಾಸು ಓಡಿಸಿದ ಮ್ಯಾಲೆ ಇಲ್ಲಾ ವರ್ಷಕ್ಕ ಒಮ್ಮೆ ಸರ್ವಿಸ್ ಮಾಡ್ರಿ ಅಂತಾರ. ಫಾಕ್ಸ್ ಬದಲಿ ರಾಕ್‌ಶಾಕ್ಸ್ ಕಂಪನಿಯ ಫೋರ್ಕ್ ಇದ್ದವ್ರು 50 ತಾಸಿಗೆ ಕೆಳಗಿನ ಕಾಲ ಬಿಚ್ಚಿ ಎಣ್ಣಿ ಬದಲಿಸಬೇಕು. ನಮ್ಮ ಮಳಿ, ಧೂಳ ಎರಡೂ ಲೆಕ್ಕ ಹಿಡದ್ರ ಇದಕ್ಕಿಂತ ಮೊದಲ ಮಾಡೂದು ಚೊಲೊ. ಸೈಕಲ್ ತೊಳಿಯೂವಾಗ ಕಾರ್ ತೊಳಿಯೂ ಪ್ರೆಷರ್ ಗನ್ ಹತ್ರ ಹಿಡೀಬ್ಯಾಡ್ರಿ, ಬೇರಿಂಗಿನ್ಯಾಗ ನೀರ ಹೊಗತೈತಿ, ಬಕೆಟ್ ನೀರು, ಹಳೇ ಅರಿವಿ ಸಾಕು.

ಆರ್‌ಸಿ ತಗೊಳ್ಳೂದೊ ಸಾದಾ 900 ತಗೊಳ್ಳೂದೊ ಅಂತ ಭಾಳ ಮಂದಿ ಕೇಳ್ಯಾರ. ಸ್ಪಾರ್ಕ್ ಆರ್‌ಸಿ ಅಂದ್ರ ರೇಸಿಂದು, ಮುಂದೂ 120 ಎಂಎಂ, ಹೆಡ್ ಆಂಗಲ್ 67.2, ತೂಕ ಕಮ್ಮಿ. ವಿಜಯಪುರ, ಬಾಗಲಕೋಟಿ ಕ್ರೀಡಾ ಹಾಸ್ಟೆಲಿನ ಹುಡುಗ್ರು ಹುಡುಗ್ಯಾರು ರಾಷ್ಟ್ರಮಟ್ಟದಾಗ ಸೈಕಲ್ ಹೊಡದು ಪದಕ ತರ್ತಾರ, 2021ರಾಗ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಇಲ್ಲೇ ಗದಗಿನ್ಯಾಗ ಆತು. ಅಂಥಾ ಹುಡುಗ್ರ ಕಾಲಿಗೆ ಆರ್‌ಸಿ ಸಿಕ್ರ ಏನ್ ಮಾಡ್ಯಾರು ಅಂತ ನನಗ ಭಾಳ ಸಲ ಅನಸೈತಿ, ಇಷ್ಟ ತುಟ್ಟಿ ಗಾಡಿ ಅವ್ರಿಗೆ ಮುಟ್ಟಬೇಕು ಅನ್ನೂದು ನನ್ನ ಮನಸಿನ ಮಾತು. ಆದ್ರ ರೇಸ್ ಇಲ್ಲದ, ನೌಕರಿ ಮಾಡ್ಕೊಂಡು ರವಿವಾರ ಗುಡ್ಡಕ್ಕ ಹೋಗೂ ನನ್ನಂಥವ್ರಿಗೆ 130ರ ಫೋರ್ಕ್ ಇರೂ ಸಾದಾ ಸ್ಪಾರ್ಕನ ಬೇಕು, ಒಂದು ಏರಿನ್ಯಾಗ ಅರ್ಧ ನಿಮಿಷ ಹೆಚ್ಚ ಹೋದ್ರ ಹೋಗ್ಲಿ, ಇಳದ ಮ್ಯಾಲೆ ಕೈಕಾಲ ನೆಟ್ಟಗ ಇದ್ದು ಸೋಮವಾರ ಆಫೀಸಿಗೆ ಹೋಗಬೇಕಲ್ಲ. ಇದ ಸಾಲಿನ ಬ್ಯಾರೆ ಗಾಡಿ ಅಂದ್ರ ಸ್ಪೆಷಲೈಜ್ಡ್ ಎಪಿಕ್ ಇವೊ, ಟ್ರೆಕ್ ಟಾಪ್ ಫ್ಯೂಲ್. ಎರಡೂ ಚೊಲೊ ಹೆಸರು ತಗೊಂಡಾವ, ಆದ್ರ ಒಂದ ಲಿವರಿನ್ಯಾಗ ಟ್ರಾವಲ್ ಇಳಿಸಿ, ಮುಂದಿಂದು ಹಿಂದಿಂದು ಕೂಡೇ ಲಾಕ್ ಮಾಡೂ ಈ ಸೌಕರ್ಯಕ್ಕ ನಾ ಸ್ಕಾಟ್ ಕಡೆ ವಾಲಿದೆ. ಡಾಂಬರ ರೋಡ್ ತುಳದು ಗುಡ್ಡಕ್ಕ ಹೋಗೂ ಊರಿಗೆ ಅದು ದೊಡ್ಡ ಮಾತು.

ಬಜೆಟ್ ಒಂದು ಲಕ್ಷದ ಒಳಗ ಇದ್ದವ್ರಿಗೆ ಫುಲ್ ಸಸ್ಪೆನ್ಷನ್ ಆಸೆ ಬ್ಯಾಡ ಅಂತೀನಿ. ಅಗ್ಗದ ಹಿಂದಿನ ಶಾಕ್ ಬರೇ ಭಾರ. ಅದಕ್ಕಿಂತ ಚೊಲೊ ಏರ್ ಫೋರ್ಕ್ ಇರೂ ಹಾರ್ಡ್‌ಟೇಲ್ ತಗೊಂಡು, ಡ್ರಾಪರ್ ಹಾಕ್ಸಿ, ಮುಂದ ದಪ್ಪ ಗಡ್ಡಿಯ ಟಾಯರ್ ಹಾಕ್ರಿ, ಈ ಮಜಾದಾಗ ಮುಕ್ಕಾಲ ಪಾಲ ಅಲ್ಲೇ ಸಿಗ್ತೈತಿ. ಖಾನಾಪುರ, ಭೀಮಗಡ ಕಡೆ ಅಡವಿಯಾಗ ಹೋಗಾವ್ರು ಅರಣ್ಯ ಇಲಾಖೆ ಪರವಾನಗಿ ಇಲ್ಲದ ಹೋಗಬ್ಯಾಡ್ರಿ, ಅದು ಅಭಯಾರಣ್ಯ, ಗಾಡಿ ಎಷ್ಟ ಚೊಲೊ ಇದ್ರೂ ಅದು ನಮ್ಮ ಆಟದ ಜಾಗ ಅಲ್ಲ.

ಸೆಕೆಂಡ್ ಹ್ಯಾಂಡ್ ಸ್ಪಾರ್ಕ್ ನೋಡಾಕ ಹೋಗಾವ್ರು ನಾಕ್ ವಿಷಯ ತಪ್ಪದ ನೋಡ್ರಿ. ಡೌನ್ ಟ್ಯೂಬಿನ (ಫ್ರೇಮಿನ ಕೆಳಗಿನ ಓರೆ ಪೈಪಿನ) ಕೆಳಗ ಕಲ್ಲ ಬಡದ ಗುರುತ ಇದ್ರ ಬಟ್ಟಿನಿಂದ ಬಡದು ಕೇಳ್ರಿ, ಕಾರ್ಬನ್ ಸೀಳಿದ್ರ ದನಿ ಬ್ಯಾರೆ ಬರ್ತೈತಿ. ಹಿಂದಿನ ಗಾಲಿ ಹಿಡದು ಅಡ್ಡ ಅಲಗಾಡಿಸ್ರಿ, ಕೀಲಿನ್ಯಾಗ ಸಡಲ ಇದ್ರ ಬೇರಿಂಗ್ ಖರ್ಚು ರೇಟಿನ್ಯಾಗ ಕಡದು ಮಾತಾಡ್ರಿ. ಮುಚ್ಚಳ ತಗಸಿ ಒಳಗಿನ ಶಾಕ್ ಟಾರ್ಚ್ ಹಿಡದು ನೋಡ್ರಿ, ಎಣ್ಣಿ ಸೋರಿದ್ರ ಅಲ್ಲೇ ಕಾಣ್ತೈತಿ, ಇದನ್ನ ಕೊಳ್ಳಾವ್ರು ಯಾರೂ ನೋಡಂಗಿಲ್ಲ, ಮಾರಾವ್ರಿಗೂ ಗೊತ್ತಿರಂಗಿಲ್ಲ. ಟ್ವಿನ್‌ಲಾಕಿನ ಮೂರೂ ಮೋಡ್ ಒತ್ತಿ, ಪ್ರತಿ ಮೋಡಿನ್ಯಾಗ ಸೀಟ್ ಮ್ಯಾಲೆ ಕುಂತು ಕುಣದು ನೋಡ್ರಿ, ಮೂರಕ್ಕೂ ಫರಕ್ ಕಾಣಬೇಕು, ಕಾಣಲಿಲ್ಲಂದ್ರ ಕೇಬಲ್ ಸಡಲ ಇರಬಹುದು ಇಲ್ಲಾ ಶಾಕ್ ಸರ್ವಿಸ್ ಬೇಡತಿರಬಹುದು, ಯಾವುದು ಅಂತ ಗೊತ್ತಾಗೂ ತನಕ ಅಡ್ವಾನ್ಸ್ ಕೊಡಬ್ಯಾಡ್ರಿ.